ಕಾಂಗೋದ ಫೋಟೋ

ಹಳಿಯಾಳದ ಸೋಮಪ್ಪನ ಮನೆಯ ಕಟ್ಟೆಯ ಮೇಲೆ ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಬಸ್ತ್ಯಾವನ ಮಗಳು, ಮನೆಗೆಲಸದ ಕತ್ರೀನ್ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲೇ ಸೋಮಪ್ಪ ನೆರೆಮನೆಯ ಈಶಪ್ಪನಿಗೆ ಪೇಪರು ತೋರಿಸಿದ.

“ಕಾಂಗೋ ದೇಶದ ಗಲಾಟಿ ನೋಡೋ. ಈ ಬಂದೂಕಿನಂವ ಥೇಟ್ ನಮ್ಮ ಬಸ್ತ್ಯಾವನಂಗ ಅದಾನ.”

“ಅಯ್ಯೋ, ಅಂವ ಪಂಚಾಯ್ತಿ ಇಲೆಕ್ಷನ್ನಿಗೆ ನಿಂತಾನಲ್ಲೋ! ಆರಿಸಿ ಬಂದ್ರ ನಮ್ಮ ಗತಿ ಏನು?”

“ಕಾಡಿನ್ಯಾಗ ತಪ್ಪಿಸಿಕೊಂಡ ನಿನ್ನ ಎಮ್ಮಿ ಹುಡುಕಿ ತಂದಂವ ಅವನ ಅಲ್ಲೇನು?”

“ಅದು ಈ ಫೋಟೋ ನೋಡೂಕಿಂತ ಮೊದಲಿನ ಮಾತು.”

“ಸಂಜಿಗೆ ಓಟು ಕೇಳಾಕ ಬರ್ತಾನಂತ.”

“ಬರ್ಲಿ. ಬಡಿಗಿ ಹಿಡಕೊಂಡು ನಿಂದ್ರೂಣು. ನಡಿ, ಓಣ್ಯಾಗ ಎಲ್ಲಾರಿಗೂ ಹೇಳೂಣು.”

ಇಬ್ಬರೂ ಪೇಪರು ಹಿಡಿದು ಓಣಿಗಿಳಿದರು. ತಿರುಗಿ ನೋಡದ ಆ ಬೆನ್ನುಗಳಿಗೆ ಕತ್ರೀನ್ ಕೂಗಿ ಹೇಳಿದಳು:

“ಧಣೇರ, ನಮ್ಮಪ್ಪ ಒಬ್ಬನ ಬರ್ತಾನ್ರಿ. ಬಡೀಬ್ಯಾಡ್ರಿ.”