ನೀಲಿ ಹಿಡಿಮರ: ಹೋಬರ್ಟ್ ಕಾಡಿಲ್ ಸಾವಿನ ಬಗ್ಗೆ ಹೇಳಿಕೆ

ಹೆಸರು ಇಮೊಜೆನ್ ಕಾಡಿಲ್, ತಂದೆ ದಿವಂಗತ ವೆಂಡೆಲ್ ಕಾಡಿಲ್, ವಯಸ್ಸು ಹದಿನೆಂಟು, ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ, ವಾಸ ದೊಡ್ಡಪ್ಪ ಹೋಬರ್ಟ್ ಕಾಡಿಲ್ ಅವರ ಮನೆ, ಬೀಚ್‌ಲಿಕ್ ಕಣಿವೆ, ಪೂರ್ವ ಕೆಂಟಕಿ. ಶೆರಿಫ್ ಕಚೇರಿಯಲ್ಲಿ ಡೆಪ್ಯೂಟಿ ಕೂಂಬ್ಸ್ ಅವರ ಮುಂದೆ, ಯಾರ ಒತ್ತಾಯವೂ ಇಲ್ಲದೆ, ನಾನು ತಿಳಿಯಪಡಿಸುವುದೇನೆಂದರೆ,

ನನ್ನ ತಾಯಿ ಇಂಗ್ಲೆಂಡಿನವರು, ಅವರೂ ಈಗ ಇಲ್ಲ. ನಾನು ಏಳನೇ ವಯಸ್ಸಿನಿಂದ ಅಲ್ಲಿಯ ಹಾಸ್ಟೆಲ್ ಶಾಲೆಯಲ್ಲಿ ಓದಿದವಳು. ತಂದೆ ತೀರಿಕೊಂಡ ಮೇಲೆ ಕಳೆದ ಆಗಸ್ಟ್‌ನಲ್ಲಿ ಇಲ್ಲಿಯ ಕಾಲೇಜಿಗೆ ಸೇರಿದೆ. ಓದುವ ದಿನಗಳಲ್ಲಿ ಕಾಲೇಜು ಹಾಸ್ಟೆಲ್, ಶುಕ್ರವಾರ ಸಂಜೆಯಿಂದ ದೊಡ್ಡಪ್ಪನ ಮನೆ. ಆ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ವರ್ಡಾ ಇಬ್ಬರೇ.

ದೊಡ್ಡಪ್ಪ ನಳಿಗೆಯ ಬಾಯಿಯಿಂದ ಮದ್ದು ಜಡಿಯುವ ಹಳೇ ಮಾದರಿಯ ಕೋವಿಗಳನ್ನು ಕೈಯಲ್ಲೇ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಹದಿನೆಂಟು ತುಂಬಿದವರಿಗೆ ಒಂದು ಕೋವಿ ಮಾಡಿಕೊಡುವುದು ರೂಢಿ. ನಳಿಗೆ ಕೂರಿಸುವ ಹಿಡಿಮರ ಮೇಪಲ್‌ನದು. ಕಬ್ಬಿಣದ ಚೂರು ಕರಗಿಸಿದ ಆಮ್ಲ ಬಳಿದು, ಕಾಯಿಸಿದ ಕಬ್ಬಿಣವನ್ನು ಹತ್ತಿರ ಹಿಡಿದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ನಲವತ್ತು ವರ್ಷದಲ್ಲಿ ಅವರು ಕಂದು ಬಿಟ್ಟು ಬೇರೆ ಬಣ್ಣ ಹಾಕಿದವರಲ್ಲ.

ಮಾರ್ಚ್‌ನಲ್ಲಿ ಅವರು ನನ್ನ ಕೋವಿಗೆ ತಿಳಿಗಂದೋ ಕಡುಗಂದೋ ಎಂದು ಕೇಳಿದರು. ಗೋಡೆಯ ಮೇಲಿರುವ ಕೋವಿಗಳೆಲ್ಲ ಶವಪೆಟ್ಟಿಗೆಯ ಬಣ್ಣ, ನನಗೆ ನೀಲಿ ಬೇಕು ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನೀಲಿ! ನಾನೇನು ಕೋವಿ ಮಾಡ್ತಿದೀನೋ, ಈಸ್ಟರ್ ಮೊಟ್ಟೆಗೆ ಬಣ್ಣ ಬಳೀತಿದೀನೋ?" ಎಂದರು. ದೊಡ್ಡಮ್ಮ ಒಳಗಿನಿಂದಲೇ, "ಮಾಡಿ ಮಾಡಿ. ಹೋಬರ್ಟ್‌ಗೆ ವಯಸ್ಸಾಗಿ ತಲೆ ಕೆಡ್ತು ಅಂತ ಊರೋರು ಆಡ್ಕೊಳ್ಳಿ" ಎಂದರು. ದೊಡ್ಡಪ್ಪ, "ಆಗ್ಲಿ ಮಹಾರಾಣಿ, ನೀಲೀನೇ ಸರಿ. ಆದ್ರೆ ಒಂದು ಮಾತು. ಟರ್ಕಿ ಕೋಳಿ ಬೇಟೆ ಮುಗಿಯೋವರ್ಗೂ ಇದು ಕಾಡಿಗೆ ಹೋಗಂಗಿಲ್ಲ" ಎಂದರು. ಏಕೆಂದು ಕೇಳಿದೆ. ವಸಂತದಲ್ಲಿ ಕಾಡು ಟರ್ಕಿ ಹುಂಜದ ತಲೆ ನೀಲಿ, ಬಿಳಿ, ಕೆಂಪು ಇರುತ್ತದೆ, ಆದ್ದರಿಂದ ಆ ದಿನಗಳಲ್ಲಿ ಇಲ್ಲಿ ಯಾರೂ ಆ ಬಣ್ಣ ತೊಟ್ಟು ಕಾಡಿಗೆ ಕಾಲಿಡುವುದಿಲ್ಲ ಎಂದು ವಿವರಿಸಿದರು. "ಆ ಬಣ್ಣ ಕಂಡ್ರೆ ಗುಂಡು ಮೊದ್ಲು ಹೋಗತ್ತೆ ಮಗಾ, ಯೋಚ್ನೆ ಆಮೇಲೆ ಬರತ್ತೆ" ಎಂದರು.

ಏಪ್ರಿಲ್ 26, ಶುಕ್ರವಾರ ಸಂಜೆ ಹಿಡಿಮರಕ್ಕೆ ನಾನೇ ನೀಲಿ ಬಳಿದೆ. ಆರಿದ ಮೇಲೆ ದೊಡ್ಡಪ್ಪ ತಿಕ್ಕಿದರು. ತಿಕ್ಕಿದಾಗ ಮರದ ಎಳೆಗಳ ಉದ್ದಕ್ಕೂ ಬಿಳಿಚಿದ ಪಟ್ಟೆಗಳು ಎದ್ದವು. ಅಂದರೆ ಹಿಡಿಮರ ನೀಲಿ, ನಡುನಡುವೆ ಬಿಳಿ. ದಯವಿಟ್ಟು ಇದನ್ನು ಹೀಗೇ ಬರೆದುಕೊಳ್ಳಬೇಕು.

ಮರುದಿನ ಶನಿವಾರ ಬೆಳಿಗ್ಗೆ ಸುಮಾರು ಏಳು ಗಂಟೆಗೆ ಅವರು ಹಿಡಿಮರ ಹಿಡಿದು ಹಿತ್ತಲಿಗೆ ಹೋದರು. ದೀಪದ ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ ಎಂಬುದು ಅವರ ಮಾತು. ಪ್ರತಿಯೊಂದು ಹಿಡಿಮರವನ್ನೂ ಎಳೆ ಬಿಸಿಲಿಗೆ ಒಡ್ಡಿ ನೋಡುವುದು, ಹಿತ್ತಲ ತುದಿಯ ದೊಡ್ಡ ಬೀಚ್ ಮರಕ್ಕೆ ಬೆನ್ನು ಕೊಟ್ಟು ಕೂತು, ಒರಟಾದ ಕಡೆ ಉಕ್ಕಿನ ಅಲಗಿನಿಂದ ಹೆರೆಯುವುದು ಅವರ ಅಭ್ಯಾಸ. ಕಾಡು ಅಲ್ಲಿಂದಲೇ ಶುರು. ಆದರೆ ಅವರ ಲೆಕ್ಕದಲ್ಲಿ ಆ ಮರ ಕಾಡಲ್ಲ, ಹಿತ್ತಲು. ನಲವತ್ತು ವರ್ಷ ಕಂದು ಹಿಡಿಮರ ಹಿಡಿದು ಕೂತ ಜಾಗ. ಆ ದಿನವೂ ಹಾಗೆಯೇ ಹೋಗಿ ಕೂತರು. ನಾನೂ ತಡೆಯಲಿಲ್ಲ. ನನಗೆ ಹೊಳೆಯಲೇ ಇಲ್ಲ.

ನಾನು ಚಹಾ ಹಿಡಿದು ಹಿಂದಿನ ಜಗಲಿಯಲ್ಲಿದ್ದೆ. ಅಲ್ಲಿಂದ ಬೀಚ್ ಮರಕ್ಕೆ ಐವತ್ತು ಗಜ ಇರಬಹುದು. ಅಲಗಿನ ಸದ್ದು ಕಿರ್ರ್ ಕಿರ್ರ್ ಎಂದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಹುಂಜವನ್ನು ಕರೆಯಲು ಬೇಟೆಗಾರರು ಮರಕ್ಕೆ ಮರ ತೀಡಿ ಹೇಂಟೆಯ ಕೂಗು ತೆಗೆಯುತ್ತಾರೆ, ಆ ಸದ್ದೂ ಹೀಗೇ ಇರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ದೊಡ್ಡಪ್ಪ ಕೆಂಪು ಕರವಸ್ತ್ರದಿಂದ ಪುಡಿ ಒರೆಸಿ, ನನಗೆ ಕಾಣಲೆಂದು ಹಿಡಿಮರವನ್ನು ಎತ್ತಿ ಅಲ್ಲಾಡಿಸಿದರು. ನಾನು ಕೈ ಎತ್ತುವುದರೊಳಗೆ ಗುಂಡಿನ ಶಬ್ದವಾಯಿತು. ಅವರು ಎಡಕ್ಕೆ ವಾಲಿದರು.

ನಾನು ಓಡಿದೆ. ನೆರೆಯ ಆರ್ಲಿಸ್ ಟ್ಯಾಕೆಟ್ ಪೊದೆಯಿಂದ ಎದ್ದು ಬಂದರು. ಬಂದೂಕು ಎಸೆದು, ತಮ್ಮ ಜಾಕೆಟ್ ಕಳಚಿ ದೊಡ್ಡಪ್ಪನ ಕುತ್ತಿಗೆಗೆ ಒತ್ತಿ ಹಿಡಿದರು. "ಲೋ ಹೋಬರ್ಟ್, ನೀನೇನೋ? ನೀಲಿ ತಲೆ ನೋಡ್ದೆ ಕಣೋ ನಾನು! ಹುಂಜ ಕಣೋ ಅದು! ಕೈಯಲ್ಲಿ ಏನೋ ಹಿಡ್ಕೊಂಡಿದ್ದೆ ನೀನು?" ಎಂದು ಕೂಗುತ್ತಿದ್ದರು. ದೊಡ್ಡಪ್ಪ ಇಬ್ಬನಿಯ ಹುಲ್ಲಿನಲ್ಲಿ ಬಿದ್ದ ಹಿಡಿಮರದ ಕಡೆ ಬೆರಳು ಆಡಿಸಿದರು. ಒದ್ದೆಯಾಗಬಾರದು ಎಂದು ಅರ್ಥ ಮಾಡಿಕೊಂಡು ನಾನು ಅದನ್ನು ಒಯ್ದು ಕೆಲಸದ ಕೋಣೆಯಲ್ಲಿಟ್ಟೆ. ಪೊಲೀಸರು ಬಂದಾಗ ಅಲ್ಲಿ ಅಲಗು ಮತ್ತು ಕರವಸ್ತ್ರ ಮಾತ್ರ ಇದ್ದದ್ದು ಇದರಿಂದಲೇ. ನಾನು ವಾಪಸ್ ಬರುವಷ್ಟರಲ್ಲಿ ದೊಡ್ಡಪ್ಪ ತೀರಿಹೋಗಿದ್ದರು.

ದೊಡ್ಡಮ್ಮ ಬರಿಗಾಲಲ್ಲಿ ಬಂದು ಆರ್ಲಿಸ್ ಅವರನ್ನು ಎದೆಗೆ ಕೈಯಿಟ್ಟು ತಳ್ಳಿ, "ಮೂರು ವರ್ಷ ಕಾದ್ಯಲ್ಲೋ ಪಾಪಿ" ಎಂದರು. ಮೂರು ವರ್ಷದ ಹಿಂದೆ ದೊಡ್ಡಪ್ಪನ ಟ್ರಕ್ಕಿಗೆ ಸಿಕ್ಕಿ ಆರ್ಲಿಸ್ ಅವರ ಬೇಟೆನಾಯಿ ಸತ್ತಿತ್ತು. ನಿನ್ನನ್ನೂ ಹೀಗೇ ಮಲಗಿಸದೆ ಬಿಡುವುದಿಲ್ಲ ಎಂದು ಆರ್ಲಿಸ್ ಚರ್ಚಿನ ಬಾಗಿಲಲ್ಲಿ ಎಲ್ಲರ ಮುಂದೆ ಹೇಳಿದ್ದರಂತೆ. ಆಗ ನಾನು ಇಂಗ್ಲೆಂಡಿನಲ್ಲಿದ್ದೆ.

ಆಸ್ಪತ್ರೆಯಿಂದ ನಾನು ಮನೆಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಕೆಲಸದ ಕೋಣೆಯಲ್ಲಿ ಆಮ್ಲದ ವಾಸನೆ ಇತ್ತು. ದೊಡ್ಡಮ್ಮ ಕಾದ ಕಬ್ಬಿಣ ಹಿಡಿದು ನಿಂತಿದ್ದರು. ಹಿಡಿಮರ ಕಡುಗಂದಾಗಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. "ಕಂದು. ಯಾವಾಗ್ಲೂ ಇದ್ದ ಹಾಗೆ. ನೀಲಿ ಅಂತ ಬಾಯಿ ಬಿಟ್ಟೀಯ, ಜೋಕೆ" ಎಂದರು. ನಾನು ಆಗಲಿ ಎಂದು ತಲೆ ಆಡಿಸಿದೆ. ದೊಡ್ಡಪ್ಪನ ಕೈಯಲ್ಲಿದ್ದದ್ದು ಇದು ಎಂದು ಅದೇ ಹಿಡಿಮರವನ್ನು ಅವರು ಸಂಜೆ ಡೆಪ್ಯೂಟಿಯವರಿಗೆ ಒಪ್ಪಿಸಿದ್ದಾರೆ. ನೀಲಿ ತಲೆ ಎಂಬುದು ಆರ್ಲಿಸ್ ಕಟ್ಟಿದ ಸುಳ್ಳು ಎಂದು ಪೊಲೀಸರು ತೀರ್ಮಾನಿಸಿ ಅವರನ್ನು ಕೊಲೆಯ ಆರೋಪದ ಮೇಲೆ ಒಳಗಿಟ್ಟಿರುವುದು ನನಗೆ ನಿನ್ನೆ, ದೊಡ್ಡಪ್ಪನನ್ನು ಮಣ್ಣು ಮಾಡಿದ ದಿನ, ತಿಳಿಯಿತು.

ಇಂದು ಬೆಳಿಗ್ಗೆ ನಾನು ಇಲ್ಲಿಗೆ ಬಂದು ನಿಜ ಹೇಳುತ್ತೇನೆ ಎಂದು ದೊಡ್ಡಮ್ಮನಿಗೆ ತಿಳಿಸಿದೆ. ಅವರು ಕೂಗಾಡಲಿಲ್ಲ. "ನೀಲಿ ಅಂದ್ರೆ ಕೊಂದೋನು ಅವನಲ್ಲ, ನೀನು ಅಂದಂಗಾಯ್ತು ಕಣೇ. ತಿಳ್ಕೊಂಡು ಹೇಳು" ಎಂದರು. ಆಮೇಲೆ ನನ್ನ ಪೆಟ್ಟಿಗೆಯನ್ನು ತಂದು ಜಗಲಿಯಲ್ಲಿಟ್ಟು ಬಾಗಿಲು ಹಾಕಿಕೊಂಡರು.

ಆರ್ಲಿಸ್ ಅವರ ಮನಸ್ಸಿನಲ್ಲಿ ಆ ಹೊತ್ತು ಏನಿತ್ತೋ ನಾನು ಹೇಳಲಾರೆ. ಹಿಡಿಮರದ ಬಣ್ಣ ಮಾತ್ರ ನನಗೆ ಗೊತ್ತು. ಆರಿಸಿದವಳೂ ಬಳಿದವಳೂ ನಾನೇ. ಹಿಡಿಮರದ ಕೆಳಗೆ ಮದ್ದು ಜಡಿಯುವ ಕೋಲು ಇಡಲು ಉದ್ದನೆಯ ತೂತು ಇದೆ. ಶುಕ್ರವಾರ ನನ್ನ ಕೈ ಅಳತೆ ತಪ್ಪಿ ಬಣ್ಣ ಅದರೊಳಗೆ ಇಳಿದಿತ್ತು. ದೊಡ್ಡಪ್ಪ, "ಹೋಗ್ಲಿ ಬಿಡು, ಅಲ್ಲಿ ಯಾರು ಇಣುಕಿ ನೋಡ್ತಾರೆ" ಎಂದಿದ್ದರು. ಆಮ್ಲ ಬಳಿದ ಬ್ರಷ್ ಅಷ್ಟು ಒಳಗೆ ಹೋಗುವುದಿಲ್ಲ. ನಾನು ಕೇಳಿಕೊಂಡಂತೆ ಡೆಪ್ಯೂಟಿಯವರು ನನ್ನ ಎದುರಿನಲ್ಲೇ ಒಂದು ಕಡ್ಡಿಗೆ ಒದ್ದೆ ಬಿಳಿ ಬಟ್ಟೆ ಸುತ್ತಿ ಆ ತೂತಿಗೆ ಹಾಕಿ ತೆಗೆದರು. ಬಟ್ಟೆ ನೀಲಿಯಾಗಿ ಬಂತು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಎಲ್ಲವೂ ಇದರಲ್ಲಿ ಸರಿಯಾಗಿದೆ. ವಿಳಾಸ ಒಂದನ್ನು ಮಾತ್ರ ತಿದ್ದಬೇಕು. ಮೇಲೆ ರೂಢಿಯಂತೆ ದೊಡ್ಡಪ್ಪನ ಮನೆ ಎಂದು ಬರೆಸಿಬಿಟ್ಟೆ. ಕಾಲೇಜು ಹಾಸ್ಟೆಲ್ ಎಂದು ಹಾಕಿಕೊಳ್ಳಬೇಕು. ಹಾಸ್ಟೆಲ್ ಮೇ ಹತ್ತಕ್ಕೆ ಬೇಸಿಗೆ ರಜೆಗೆ ಮುಚ್ಚುತ್ತದೆ. ಆಮೇಲಿನ ವಿಳಾಸ ಏನೆಂದು ಡೆಪ್ಯೂಟಿಯವರು ಕೇಳಿದರು. ಆ ಜಾಗವನ್ನು ಖಾಲಿ ಬಿಡಲು ಹೇಳಿದ್ದೇನೆ.

ಸ್ಥಳ: ಶೆರಿಫ್ ಕಚೇರಿ
ದಿನಾಂಕ: 1 ಮೇ 2019
ಸಹಿ: ಇಮೊಜೆನ್ ಕಾಡಿಲ್