ಜೋಲಿ ಬಿಚ್ಚಿದ ಸಾಹುಕಾರ

ಊರಿನ ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ಈ ಕಥೆಯ ಸಾಹುಕಾರನ ನೆಂಟರು ಇಲ್ಲೇ ಎದ್ದು ನಿಂತಾರು. ಉಪ್ಪುನೀರಿನ ಊರು ಅದು. ಅಲ್ಲೊಬ್ಬ ಸಾಹುಕಾರ. ಇಡೀ ಓಣಿಗೆ ಸಿಹಿನೀರಿನ ಬಾವಿ ಇದ್ದದ್ದು ಅವನ ಹಿತ್ತಲಲ್ಲಿ ಮಾತ್ರ. ಬಾವಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ, ಬೀಗದ ಕೀಲಿ ಕರಿದಾರದಲ್ಲಿ ಸಾಹುಕಾರನ ಕೊರಳಲ್ಲಿ. ನಮಾಜಿಗೆ ನಿಂತರೂ ಅಲ್ಲೇ, ಮಲಗಿದರೂ ಅಲ್ಲೇ.

ರಂಜಾನ್ ತಿಂಗಳು, ಉರಿಬಿಸಿಲು. ಮಸೀದಿಯ ನೀರಿನ ಹೌಜಿನಲ್ಲಿ ಕೈಕಾಲು ತೊಳೆಯಲು ಹೋಗಿ ಸಾಹುಕಾರ ಜಾರಿ ಬಿದ್ದ, ಬಲಗೈ ಮುರಿಯಿತು. ಮೂಳೆ ಕಟ್ಟುವ ಅಯ್ಯಣ್ಣ ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಬಟ್ಟೆಯ ಜೋಲಿಯಲ್ಲಿ ಕೈಯನ್ನು ಕೊರಳಿಗೆ ತೂಗುಹಾಕಿದ. "ಇಪ್ಪತ್ತೊಂದು ದಿನ ಇದನ್ನ ಬಿಚ್ಚಬ್ಯಾಡ್ರಿ" ಎಂದ.

ನೋಡಿ, ತಮಾಷೆ ಈಗ ಬರುತ್ತದೆ. ಆ ವರ್ಷ ಸಾಹುಕಾರ ಕುರ್‌ಆನನ್ನು ಕನ್ನಡದಲ್ಲಿ ಓದಲು ಹಿಡಿದಿದ್ದ. ಓದಿದ್ದನ್ನು ಅಂದೇ ಪಾಲಿಸಬೇಕು ಎಂಬ ಹಟ ಬೇರೆ. ಒಳ್ಳೆಯದೇ ಅಲ್ಲವೇ? ಒಂದು ಬೆಳಗ್ಗೆ ಒಂದು ಸಾಲು ಕಣ್ಣಿಗೆ ಬಿತ್ತು: ನಿನ್ನ ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಿಯೂ ಬಿಡಬೇಡ. ಗಾಬರಿಯಾಗಿ ಜೋಲಿ ಬಿಚ್ಚಿ ಎಸೆದ. ಪೂರ್ತಿ ಚಾಚಲೂ ಬಾರದಲ್ಲ? ಮುರಿದ ಕೈಯನ್ನು ಅರ್ಧ ಮಡಚಿ ಹಿಡಿದುಕೊಂಡೇ ಓಡಾಡಿದ.

ಅದೇ ಹೊತ್ತಿಗೆ ಪಕ್ಕದ ಮನೆಯ ವಿಧವೆ ಖಾಸಿಂಬಿ ಕೊಡ ಹಿಡಿದು ಬಂದಳು. "ಒಂದು ಕೊಡ ನೀರು ಕೊಡ್ರಿ ಸಾವ್ಕಾರ್ರ. ಮಗಳು ಬಾಣಂತಿ ಅದಾಳ, ಉಪ್ಪುನೀರು ಕುಡುದ್ರ ವಾಂತಿ ಮಾಡ್ಕೊಂತಾಳ. ರೋಜಾ ಉಪವಾಸದಾಗ ಎರಡು ಮೈಲಿ ಹೋಗಿ ತರಾಕ ನನ್ನ ಕೈಲಿ ಆಗವಲ್ದು."

"ನಾಳೆ ನೋಡೂಣು" ಎಂದ. ಮರುದಿನ ಬಂದಳು, ಮತ್ತೆ ನಾಳೆ. ಅದರ ಮರುದಿನವೂ ನಾಳೆ. ಖಾಸಿಂಬಿ ಒಣಗಿದ ಬಾಯಲ್ಲಿ ಎರಡು ಮೈಲಿ ನಡೆದೇ ನಡೆದಳು.

ಮೂರೇ ದಿನಕ್ಕೆ ಸಾಹುಕಾರನ ಕೈ ಕುಂಬಳಕಾಯಿಯಂತೆ ಊದಿತು. ಅಯ್ಯಣ್ಣ ನೋಡಿ ತಲೆ ಚಚ್ಚಿಕೊಂಡ. ಮತ್ತೆ ಜೋಲಿ ಕಟ್ಟಲು ಹೋದರೆ ಕೀಲಿಯ ದಾರ ಅಡ್ಡ ಬಂತು. "ಇದನ್ನ ತೆಗೀರಿ, ಗಂಟು ಕೂಡವಲ್ದು."

"ಅದು ಕೊರಳು ಬಿಟ್ಟು ಇಳಿಯಂಗಿಲ್ಲ" ಎಂದ ಸಾಹುಕಾರ. "ಜೋಲೀನೂ ಬ್ಯಾಡ. ಕುರ್‌ಆನಿನಾಗ ಬ್ಯಾಡ ಅಂತ ಐತಿ."

ಹೆಂಡತಿ ಹಸೀನಾಬಾನು ಪುಸ್ತಕ ತಂದಳು. "ಅದರ ಮ್ಯಾಲಿನ ಸಾಲು ಓದೀರೇನು?" ಎಂದು ತಾನೇ ಓದಿದಳು: ಹತ್ತಿರದವರಿಗೆ, ಬಡವರಿಗೆ, ದಾರಿಹೋಕರಿಗೆ ಅವರ ಹಕ್ಕು ಕೊಡು. "ಕೇಳಿದ್ರ್ಯಾ? ಈ ಮಾತು ಕೊಡದ ಕೈಗೆ ಹೇಳಿದ್ದು. ಮುರುದ ಕೈಗೆ ಏನು ಹೇಳಬೇಕೋ ಅದನ್ನ ಅಯ್ಯಣ್ಣ ಹೇಳ್ಯಾನ. ಕೊರಳಿಗೆ ಬಿಗುದು ಕಟ್ಟಿದ್ದು ನಿಮ್ಮ ಕೀಲಿ."

ಸಾಹುಕಾರನಿಗೆ ನಾಚಿಕೆಯಾಯಿತು. ದಾರ ತೆಗೆದ. ಎಡಗೈಯಲ್ಲಿ ಕೊಡಬಾರದಲ್ಲ? ಊದಿದ ಬಲಗೈಯ ಬೆರಳಿಗೆ ಕೀಲಿ ಸಿಕ್ಕಿಸಿಕೊಂಡು, ನರಳುತ್ತ ಖಾಸಿಂಬಿಯ ಅಂಗಳಕ್ಕೆ ಹೋಗಿ ಕೊಟ್ಟ. ಆಮೇಲೆ ಬಂದು ಜೋಲಿ ಕಟ್ಟಿಸಿಕೊಳ್ಳಲು ಅಯ್ಯಣ್ಣನ ಮುಂದೆ ಕುಳಿತ.

ನಗುತ್ತಿದ್ದೀರಿ, ನಗಿ. ನಾವು ಮಾಡುವುದೂ ಇದನ್ನೇ. ನಮಗೆ ಸುಲಭವಾದ ಒಂದು ಸಾಲನ್ನು ಕಿತ್ತು ಹಿಡಿಯುತ್ತೇವೆ, ಅದರ ಮೇಲಿನ ಸಾಲು ಬಾಗಿಲಲ್ಲಿ ಕೊಡ ಹಿಡಿದು ನಿಂತಿರುತ್ತದೆ. ಇನ್ನು ಮೇಲೆ ಓದುವಾಗ ಹಿಂದೇನಿದೆ, ಮುಂದೇನಿದೆ, ಯಾರಿಗೆ ಹೇಳಿದ್ದು ಎಂದು ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅದು ಮನೆಯ ಹೆಂಗಸಾದರೂ ಸರಿ. ಮತ್ತು ಈ ಸಂಜೆ ರೋಜಾ ಬಿಡುವ ಮೊದಲು ಒಮ್ಮೆ ಕೊರಳು ಮುಟ್ಟಿಕೊಳ್ಳಿ. ಅಲ್ಲಿ ತೂಗುತ್ತಿರುವುದನ್ನು ಬಿಚ್ಚಿ, ಪಕ್ಕದ ಮನೆಗೆ ಹೋಗಿ, ಬಲಗೈಯಲ್ಲಿ ಕೊಟ್ಟು ಬನ್ನಿ.