ಊಟಕ್ಕೆ ಕರೆದ ಮಾತು

ಮಕ್ಕಳು ಮಲಗಿದವಲ್ಲ? ಹಾಗಾದರೆ ಹೇಳುತ್ತೇನೆ. ನಡುವೆ ನಗಬಾರದು. ಇದು ನಮ್ಮ ಓಣಿಯ ಕಸ್ತೂರೆಮ್ಮನಿಗೆ ಹೋದ ಬೇಸಿಗೆಯಲ್ಲಿ ಆದದ್ದು. ಎರಡು ಮನೆ ಆಚೆಗೇ ಇದ್ದಾಳೆ, ಬೇಕಾದರೆ ಬೆಳಿಗ್ಗೆ ಹೋಗಿ ನೋಡಿ.

ರಾತ್ರಿ ಹತ್ತು ದಾಟಿತ್ತು. ಇರಕಲ್ಲಗಡದಿಂದ ನಮ್ಮೂರಿಗೆ ತಿರುಗುವ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ಬಾಡಿಗೆ ಗಾಡಿಯ ನಜೀಬ ಕ್ರಾಸಿನಲ್ಲೇ ಇಳಿಸಿ ಹೋದ. ಕಸ್ತೂರೆಮ್ಮ, ಮಗ ವಿರುಪಾಕ್ಷಿ, ಸೊಸೆ ರೇಣುಕಾ ನಡೆದು ಬರುತ್ತಿದ್ದರು. ನಾಲ್ಕು ವರ್ಷದ ಮೊಮ್ಮಗಳು ವಿಜಿ ರೇಣುಕಾಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಹಾದಿಯಲ್ಲಿ ಹಾಳುಬಾವಿ ಇದೆ, ಗೊತ್ತಲ್ಲ... ಅಲ್ಲಿಗೆ ಬರುವಷ್ಟರಲ್ಲಿ ಹಿಂದೆ ಸಪ್ಪಳ. ಚಪ್ಪಲಿಯದಲ್ಲ, ಬರಿಗಾಲಿನದು. ತಪ್... ತಪ್... ತಪ್...

ಕಸ್ತೂರೆಮ್ಮ ತಿರುಗಿ ನೋಡಲಿಲ್ಲ. ಯಾರೆಂದು ಅವಳಿಗೆ ಗೊತ್ತಿತ್ತು.

ಇದನ್ನು ಮುಂಜಾನೆಯಿಂದ ಹೇಳಬೇಕು. ಬೇಸಿಗೆ ಸೂಟಿಯಲ್ಲಿ ಮಗಳಿಗೆ ಕರಡಿ ತೋರಿಸಬೇಕೆಂದು ವಿರುಪಾಕ್ಷಿ ಒಂದು ದಿನದ ಪ್ರವಾಸ ಹೊರಡಿಸಿದ್ದ. ಮೊದಲು ಅಂಜನಾದ್ರಿ, ಆಮೇಲೆ ದರೋಜಿಯ ಕರಡಿಧಾಮ, ಕತ್ತಲಾದ ಮೇಲೆ ಡ್ಯಾಮಿನ ಕಾರಂಜಿ. ಬೆಟ್ಟ ಹತ್ತಿಳಿದು, ಆನೆಗೊಂದಿ ದಾಟಿ, ಒಂದು ಆಲದ ಮರದಡಿ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಆಗ ಒಬ್ಬ ಹೆಂಗಸು ನಡೆದು ಬಂದಳು. ಬರಿಗಾಲು, ಸೊಂಟದಲ್ಲಿ ಕೂಸು. ಕೂಸಿನ ಮುಖಕ್ಕೆ ಸೆರಗು ಮುಚ್ಚಿದ್ದಳು.

ಕಣ್ಣೆದುರು ಹಾದುಹೋಗುವವರನ್ನು ಕರೆಯದೆ ನಮ್ಮವರು ತುತ್ತು ಎತ್ತುತ್ತಾರೆಯೇ? "ಬರ್ರಿ, ಊಟ ಮಾಡ್ರಿ" ಅನ್ನುತ್ತೇವೆ. ಅವರು "ಆಗೈತ್ರಿ, ನೀವು ಮಾಡ್ರಿ" ಅಂದು ಮುಂದೆ ಹೋಗುತ್ತಾರೆ. ಬರಲೆಂದು ಯಾರೂ ಕರೆಯುವುದಿಲ್ಲ, ಕರೆದರೆಂದು ಯಾರೂ ಬರುವುದೂ ಇಲ್ಲ.

"ಬಾರವ್ವ ತಂಗಿ, ಊಟ ಮಾಡು," ಅಂದಳು ಕಸ್ತೂರೆಮ್ಮ.

ಹೆಂಗಸು ನಿಂತಳು. "ಬರ್ತೀನ್ರಿ ಅವ್ವಾರ. ಈಗ ಕೂಸು ಮಲಗೈತಿ... ಎದ್ದ ಮ್ಯಾಲ ಬರ್ತೀನಿ."

ಅಷ್ಟೇ ಅಂದು ಹೋದಳು. ವಿರುಪಾಕ್ಷಿ ನಕ್ಕುಬಿಟ್ಟ. "ಯವ್ವಾ, ನಮ್ಮೂರು ಯಾವ್ದಂತ ಕೇಳಲೇ ಇಲ್ಲಲ್ಲ ಅಕಿ!"

ದರೋಜಿಯಲ್ಲಿ ಬಂಡೆಗೆ ಬೆಲ್ಲ ಸವರಿದ್ದರು. ನಾಲ್ಕು ಗಂಟೆಯ ಮೇಲೆ ಕರಡಿಗಳು ಒಂದೊಂದಾಗಿ ಇಳಿದು ಬಂದವು. ಜನವೆಲ್ಲ ಆ ಕಡೆ ನೋಡುತ್ತಿದ್ದರೆ ವಿಜಿ ಮಾತ್ರ ಕರಡಿಗೆ ಬೆನ್ನು ಮಾಡಿ ಯಾರಿಗೋ ಕೈಬೀಸುತ್ತಿದ್ದಳು. ಕಸ್ತೂರೆಮ್ಮ ಹಿಂತಿರುಗಿ ನೋಡಿದಳು. ಅದೇ ಹೆಂಗಸು. ಗಾಡಿಯಲ್ಲಿ ಬಂದ ಇವರಿಗೇ ತಾಸು ಮೇಲೆ ಹಿಡಿದಿತ್ತು... ಅವಳು ನಡೆದು ಬಂದಿದ್ದಳು.

ಡ್ಯಾಮಿನ ತೋಟದಲ್ಲಿ ಕಾರಂಜಿ ಕುಣಿಯುತ್ತಿದ್ದಾಗ ಅವಳು ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಸೆರಗಿನ ಕೆಳಗೆ ಕೂಸಿನ ಪುಟ್ಟ ಪಾದಗಳು ಕಾಣುತ್ತಿದ್ದವು. ಅವು ಆಡುತ್ತಿದ್ದವು. ಕೂಸು ಎದ್ದಿತ್ತು.

ಕಸ್ತೂರೆಮ್ಮ ಬಾಯಿ ಬಿಡಲಿಲ್ಲ. ಮಗ ಸೊಸೆ ಹೆದರಿಯಾರು ಎಂದು ನುಂಗಿಕೊಂಡಳು. ಅದಕ್ಕೇ ರಾತ್ರಿ ಬಾವಿಯ ಹತ್ತಿರ ಬರಿಗಾಲಿನ ಸಪ್ಪಳ ಕೇಳಿದ್ದೇ ನಿಂತುಬಿಟ್ಟಳು.

"ಅವ್ವಾರ..." ಕಿವಿಯ ಹತ್ತಿರವೇ ಪಿಸುಮಾತು. "ಕೂಸು ಎದ್ದೈತ್ರಿ. ಊಟಕ್ಕ ಬಂದೀವಿ."

ಚೀಲದಲ್ಲಿ ಇನ್ನೂ ಎರಡು ರೊಟ್ಟಿ ಇದ್ದವು. ತೆಗೆದು ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹೆದರಿಕೆಗೆ ಬಾಯಲ್ಲಿ ಸುಳ್ಳೇ ಬಂತು. "ಬುತ್ತಿ ತೀರೈತವ್ವ."

ಬಾವಿಯೊಳಗಿನ ಕಪ್ಪೆಯ ವಟವಟ ಥಟ್ಟನೆ ನಿಂತಿತು...

"ಆತ್ ಬಿಡ್ರಿ. ನಿಮ್ಮ ಕೂಸಿನ ಜೋಡಿ ಉಣ್ತೈತಿ."

"ಯವ್ವಾ, ಯಾರ್ ಕೂಡ ಮಾತಾಡಾಕತ್ತಿ?" ಮುಂದೆ ಹೋಗಿದ್ದ ವಿರುಪಾಕ್ಷಿ ಕೇಳಿದ. ಹಾದಿಯಲ್ಲಿ ಯಾರೂ ಇರಲಿಲ್ಲ.

ಮರುದಿನದಿಂದ ವಿಜಿಯ ತಾಟು ಚೊಕ್ಕ ಖಾಲಿಯಾಗತೊಡಗಿತು, ಹುಡುಗಿ ಮಾತ್ರ ಒಣಗತೊಡಗಿದಳು. ಕೇಳಿದರೆ, "ನಾ ಉಂಡಿಲ್ಲ ಅಜ್ಜೀ. ಅದು ಉಂಡೈತಿ," ಅನ್ನುತ್ತಿದ್ದಳು. ಕೊಪ್ಪಳದ ಡಾಕ್ಟರು ರಕ್ತ ನೋಡಿ ಏನೂ ಇಲ್ಲವೆಂದರು. ಹನ್ನೆರಡು ದಿನದಲ್ಲಿ ಪಕ್ಕೆಲುಬು ಎದ್ದು ಕಂಡವು, ಫ್ರಾಕು ಭುಜದಿಂದ ಜಾರುತ್ತಿತ್ತು. ರೇಣುಕಾಳ ಅಳು ಕೇಳಲಾಗದೆ ನಾವೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು. ಹುಡುಗಿ ಉಳಿಯುವುದಿಲ್ಲ ಅಂತಲೇ ಓಣಿಯವರೆಲ್ಲ ತಿಳಿದಿದ್ದೆವು.

ಹದಿಮೂರನೆಯ ರಾತ್ರಿ ಕಸ್ತೂರೆಮ್ಮ ಖಡಕ್ ರೊಟ್ಟಿ ಬಡಿದು, ಎಲ್ಲ ಕಟ್ಟಿಕೊಂಡು, ಒಬ್ಬಳೇ ಬಾವಿಗೆ ಹೋದಳು. ಎಲೆ ಹಾಸಿ ಬಡಿಸಿದಳು.

"ನಾನ ಕರದಿದ್ದೆ. ರೊಟ್ಟಿ ಇಟ್ಕೊಂಡು ಇಲ್ಲ ಅಂದೆ. ತಪ್ಪಾತು. ನಮ್ಮ ವಿಜೀನ ಬಿಟ್ಟುಬಿಡವ್ವ."

ಗಾಳಿಯಿಲ್ಲ. ಕತ್ತಲಲ್ಲಿ ರೊಟ್ಟಿ ಮುರಿದ ಸದ್ದು... ಪಟ್. ಆಮೇಲೆ ಎಳೆಹಲ್ಲಿನಿಂದ ಅಗಿಯುವ ಸದ್ದು, ಕಚ... ಕಚ... ಕಚ... ಭಾಳ ಹೊತ್ತು.

"ಹೊಟ್ಟಿ ತುಂಬೈತ್ರಿ," ಅಂತು ಪಿಸುಮಾತು. "ಆದ್ರ ಅವ್ವಾರ... ನನ್ನ ತೋಳು ಸೋತಾವು. ಎಷ್ಟು ವರ್ಷ ಆತು ಹೊತ್ತು. ಒಂದೀಟು ಹಿಡಕೊಳ್ರಿ."

ಒಲ್ಲೆ ಅಂದರೆ ಏನಾಗುತ್ತದೆಂದು ಈ ಸಲ ಕಸ್ತೂರೆಮ್ಮನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಎರಡೂ ಕೈ ಚಾಚಿದಳು.

"ಕೊಡವ್ವ."

ಬೆಳಿಗ್ಗೆ ವಿಜಿ ಒಂದೂವರೆ ರೊಟ್ಟಿ ತಿಂದು ಇನ್ನೂ ಬೇಕೆಂದಳು. ಈಗ ಅಂಗನವಾಡಿಯಲ್ಲಿ ಅವಳನ್ನು ಹಿಡಿಯುವವರಿಲ್ಲ, ಅಷ್ಟು ಓಡುತ್ತಾಳೆ. ದೇವರು ದೊಡ್ಡವನು.

ಕಸ್ತೂರೆಮ್ಮ ಅಂದಿನಿಂದ ಎಡಕ್ಕೆ ವಾಲಿಕೊಂಡೇ ನಡೆಯುತ್ತಾಳೆ. ಎಡಗೈ ಮಡಚಿಯೇ ಇರುತ್ತದೆ. ಡಾಕ್ಟರು ನರ ಹಿಡಿದಿದೆ ಅನ್ನುತ್ತಾರೆ, ಅನ್ನಲಿ. ನರ ಹಿಡಿದವರ ಸೀರೆ ದಿನಾ ಬೆಳಿಗ್ಗೆ ಜೊಲ್ಲಿನಿಂದ ತೊಯ್ದಿರುತ್ತದೆಯೇ? ಒಗೆಯಲು ಹಾಕುವ ಮೊದಲು ರೇಣುಕಾ ಕರೆದು ತೋರಿಸಿದ್ದಾಳೆ, ನಾನೇ ಈ ಕೈಯಿಂದ ಮುಟ್ಟಿದ್ದೇನೆ, ಮೂಸಿದ್ದೇನೆ. ಹಾಲಿನ ವಾಸನೆ. ಸುಳ್ಳು ಹೇಳಿ ನನಗೇನು ಬರಬೇಕು? ದೀಪಾವಳಿಯ ತನಕ ಎದೆಯ ಹತ್ತಿರ ಒದ್ದೆಯಾಗುತ್ತಿತ್ತು. ಬೆಳೆಯುವ ಕೂಸಲ್ಲವೇ, ಈಗ ಭುಜದ ಮೇಲೆ ಆಗುತ್ತದೆ.